ದೊರೆಯ ಲೇತು ಬೇಡವೆಂದದ್ದು

ಹೊರನಾಡಿನ ದೇವಸ್ಥಾನದಲ್ಲಿ ಊಟದ ಪಂಕ್ತಿಗೆ ಕೂರುವಾಗ ನನ್ನ ಸೊಂಟದಿಂದ ಕ್ಯಾಲಿಪರು ಜಾರಿ ಎಲೆಯ ಪಕ್ಕಕ್ಕೆ ಬಿತ್ತು. ಬಿದ್ದದ್ದು ಕಲ್ಲಿನ ನೆಲದ ಮೇಲಾದ್ದರಿಂದ ಠಣ್ ಎಂಬ ಸದ್ದು ಪಂಕ್ತಿಯ ಆ ತುದಿಯವರೆಗೂ ಹೋಯಿತು. ಕ್ಯಾಲಿಪರನ್ನು ಕಾಣದವರಿಗೆ ಹೇಳುತ್ತೇನೆ: ಒಳಮುಖವಾಗಿ ಬಾಗಿದ ಎರಡು ಕಾಲು, ಮೇಲೊಂದು ಕೀಲು, ದುಂಡಗಿನ ಕಬ್ಬಿಣದ ದಪ್ಪ ಅಳೆಯುವ ಉಕ್ಕಿನ ಸಲಕರಣೆ. ಅನ್ನ ಬಡಿಸುತ್ತ ಬಂದ ಭಟ್ಟರು ನಿಂತು, ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಇದೆಂಥದು ಗೌಡ್ರೇ, ಅಮ್ಮನ ಪ್ರಸಾದಾನೂ ಅಳೆದೇ ಉಣ್ಣೋದಾ?" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎದುರು ಸಾಲಿನಲ್ಲಿದ್ದ ನನ್ನ ಹೆಂಡತಿ ಚೆನ್ನಮ್ಮ ಮಾತ್ರ ನಗಲಿಲ್ಲ. ಹೊರಡುವಾಗಲೇ ಅದನ್ನು ಮನೆಯಲ್ಲಿಟ್ಟು ಬನ್ನಿ ಎಂದು ಅವಳು ಹೇಳಿದ್ದಳು.

ಮಿಕ್ಕವರ ಸೊಂಟದಲ್ಲಿ ನಶ್ಯದ ಡಬ್ಬಿ ಇರುತ್ತದೆ, ಎಲೆಅಡಿಕೆ ಸಂಚಿ ಇರುತ್ತದೆ, ನನ್ನದರಲ್ಲಿ ಇದು. ಮೂಡಿಗೆರೆಯ ನನ್ನ ರಿಪೇರಿ ಅಂಗಡಿಯಲ್ಲಿ ಇರಬೇಕಾದ ವಸ್ತು ಮದುವೆ, ನಾಮಕರಣ, ತಿಥಿಗೆಲ್ಲ ನನ್ನ ಜೊತೆ ಬರುತ್ತದೆ ಎಂದು ನೆಂಟರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಚಿಕ್ಕಮಗಳೂರಿನ ಪೇಟೆಯಲ್ಲಿ ನಾನು ಕೊಡೆ ಕೊಳ್ಳಲು ಹೋದರೆ ಅಂಗಡಿಯವನು ಮೊದಲೇ ನಿಟ್ಟುಸಿರು ಬಿಡುತ್ತಾನೆ. ಎಲ್ಲ ಕೊಡೆಗಳನ್ನೂ ಬಿಚ್ಚಿ, ಮುಚ್ಚಿ, ಕಡ್ಡಿಗಳನ್ನು ಒಂದೊಂದಾಗಿ ಜಗ್ಗಿ ನೋಡಿ, ಕೊನೆಗೆ ಅವನು ಮೊದಲು ತೋರಿಸಿದ ಕೊಡೆಯನ್ನೇ ಕೊಂಡು ಬರುವವನು ನಾನು. ಹೆಣ್ಣು ನೋಡಲು ಹೋದಾಗಲೂ ಇದೇ ಕಥೆ. ಚೆನ್ನಮ್ಮ ಕಾಫಿ ತಂದು ಎದುರಿಗೆ ನಿಂತಾಗ ನಾನು ಅವಳ ಮನೆಯ ಉಯ್ಯಾಲೆಯ ಸರಪಳಿ ಕೊಂಡಿ ಸವೆದಿರುವುದನ್ನು ನೋಡುತ್ತಿದ್ದೆನಂತೆ. ತಲೆ ಎತ್ತಿ ಹೆಣ್ಣನ್ನು ನೋಡದ ಗಂಡು ಬಹಳ ಸಂಕೋಚದವನು ಎಂದು ಮಾವನವರಿಗೆ ಸಂತೋಷವಾಯಿತು. ಹೊರಡುವಾಗ ಕೊಂಡಿಯ ವಿಷಯ ಹೇಳಿಬಿಟ್ಟೆ ನೋಡಿ, ಅದು ಅವರಿಗೆ ಹಿಡಿಸಲಿಲ್ಲ.

ಇದು ನನಗೆ ಹುಟ್ಟಿನಿಂದ ಬಂದದ್ದೆಂದು ತಿಳಿಯಬೇಡಿ. ನಮ್ಮ ಮನೆತನದಲ್ಲಿ ಯಾರೂ ಯಾವುದನ್ನೂ ಪರೀಕ್ಷೆ ಮಾಡಿ ಕೊಂಡವರಲ್ಲ. ನಮ್ಮ ಸೀಮೆಗೇ ಒಂದು ಕಾಯಿಲೆಯಿದೆ, ಅದರ ಹೆಸರು ದಾಕ್ಷಿಣ್ಯ. ಬಯಲುಸೀಮೆಯಿಂದ ಬಂದವರು ಅದನ್ನು ನಯ, ವಿನಯ ಎಂದೆಲ್ಲ ಹೊಗಳುತ್ತಾರೆ. ಎರಡು ದಿನ ಇದ್ದು ಹೋಗುವವರಿಗೆ ಹೊಗಳಲು ಏನು ಕಷ್ಟ. ಕೊಟ್ಟವರು ದೊಡ್ಡವರಾದರೆ, ಕೊಟ್ಟದ್ದನ್ನು ಅವರ ಎದುರಿಗೆ ತಿರುಗಿಸಿ ನೋಡುವುದು ನಮ್ಮಲ್ಲಿ ಅವರ ಮುಖಕ್ಕೆ ಹೊಡೆದಂತೆ. ನೆಂಟರು ತಂದುಕೊಟ್ಟ ಅಕ್ಕಿಯನ್ನು ಅವರು ತಿರುವಿನಲ್ಲಿ ಮರೆಯಾಗುವವರೆಗೆ ಅಳೆಯುವುದಿಲ್ಲ. ಆಮೇಲೆ ಅಳೆದು ಕಡಿಮೆ ಬಂದರೂ, ನಮ್ಮ ಸೇರೇ ದೊಡ್ಡದಿರಬೇಕು ಎನ್ನುತ್ತೇವೆ.

ನನ್ನ ಅಪ್ಪ ಈ ಕಾಯಿಲೆಯ ಹಳೇ ರೋಗಿ. ಸಂಸೆಯಲ್ಲಿ ನಮ್ಮದು ಸಣ್ಣ ಕಾಫಿ ತೋಟ. ಕಳಸದ ಕಡೆಯ ಒಬ್ಬ ಸಾಹುಕಾರರು ತಮ್ಮ ಹಳೆಯ ಎಣ್ಣೆ ಎಂಜಿನ್ನನ್ನು ಅಪ್ಪನಿಗೆ ಮಾರುವುದಾಗಿ ಹೇಳಿ ಕಳಿಸಿದರು. ಅಪ್ಪ ಹೋದರು, ಕಾಫಿ ಕುಡಿದರು, ಎಂಜಿನ್ನನ್ನು ದೂರದಿಂದ ನೋಡಿದರು, ಮಾತು ಮುಗಿಸಿ ಬಂದರು. ಒಮ್ಮೆ ಓಡಿಸಿ ತೋರಿಸಿ ಎಂದು ಕೇಳಲು ಅವರ ನಾಲಿಗೆ ಏಳಲಿಲ್ಲ. ಎತ್ತಿನ ಗಾಡಿಯಲ್ಲಿ ಮನೆಗೆ ಬಂದ ಎಂಜಿನ್ನು ಒಂದು ಸಲ ಕೆಮ್ಮಿ, ಕಪ್ಪು ಹೊಗೆ ಬಿಟ್ಟು ಸುಮ್ಮನಾಯಿತು. ಆಮೇಲೆ ಅದು ಮಾತಾಡಿದ್ದಿಲ್ಲ. ಅವ್ವ ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದಳು, ಅಡಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು. ಒಟ್ಟಿನಲ್ಲಿ ತೀರ ಉಪಯೋಗವಿಲ್ಲದ್ದೇನೂ ಆಗಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ನಕ್ಕು ಬಿಡುತ್ತಿದ್ದೆ. ಆದರೆ ಆ ಸಾಹುಕಾರರು ಹಬ್ಬ ಹುಣ್ಣಿಮೆಗೆ ನಮ್ಮ ಮನೆಗೆ ಬರುವುದಿತ್ತು. ಅವರ ಗಾಡಿಯ ಗಂಟೆ ಕೇಳಿದ ಕೂಡಲೇ ಅಪ್ಪ ಹಪ್ಪಳ ತೆಗೆಸಿ, ಕೋಳಿ ಓಡಿಸಿ, ಎಂಜಿನ್ನನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದರು. ಸಾಹುಕಾರರು ಹೇಗಿದೆ ಎಂಜಿನ್ನು ಎಂದು ಕೇಳುವರು. ಭಾಳ ಚೆನ್ನಾಗಿದೆ, ಈಗಷ್ಟೇ ನಿಲ್ಲಿಸಿದ್ದು ಎಂದು ಅಪ್ಪ ಹೇಳುವರು. ಸಾಹುಕಾರರು ಆ ತಣ್ಣನೆಯ ಕಬ್ಬಿಣದ ಮೇಲೆ ಕೈಯಿಟ್ಟು, ಹೌದು, ಬಿಸಿ ಇನ್ನೂ ಆರಿಲ್ಲ ಎನ್ನುವರು. ಅವರಿಗೂ ದಾಕ್ಷಿಣ್ಯ. ಇಬ್ಬರು ಹಿರಿಯರು ಒಂದು ಸತ್ತ ಎಂಜಿನ್ನಿನ ಎರಡು ಪಕ್ಕದಲ್ಲಿ ನಿಂತು ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಳ್ಳುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗ ನೆನೆದರೂ ಉರಿಯುತ್ತದೆ.

ಮುಂದೆ ಚಿಕ್ಕಮಗಳೂರಿನ ಒಂದು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿತು, ಅಕ್ಕನ ಗಂಡ ಮಂಜಣ್ಣ ಬಾವನ ಜೊತೆ ಸೇರಿ ಮೂಡಿಗೆರೆಯಲ್ಲಿ ರಿಪೇರಿ ಅಂಗಡಿ ಇಟ್ಟೆ. ಬಾವ ಜನರನ್ನು ನೋಡಿಕೊಳ್ಳುವುದು, ನಾನು ಕಬ್ಬಿಣವನ್ನು ನೋಡಿಕೊಳ್ಳುವುದು ಎಂದು ಒಪ್ಪಂದ. ಬಾವ ಬಂಗಾರದಂಥ ಮನುಷ್ಯ. ಗಿರಾಕಿ ಬಂದರೆ ಎದ್ದು ನಿಲ್ಲುವವರು, ಬೈದರೆ ಕಾಫಿ ತರಿಸುವವರು. ಅವರಿಲ್ಲದೆ ನನ್ನ ಬಾಯಿಗೆ ಅಂಗಡಿ ಒಂದು ತಿಂಗಳೂ ನಡೆಯುತ್ತಿರಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು, ನಿಜ ಇರಬಹುದು.

ನಮ್ಮ ಮುಖ್ಯ ಕೆಲಸ ಪಲ್ಪರ್ ರಿಪೇರಿ. ಕೊಯ್ದ ಕಾಫಿ ಹಣ್ಣಿನ ಸಿಪ್ಪೆ ಸುಲಿದು ಬೀಜ ಬೇರೆ ಮಾಡುವ ಯಂತ್ರಕ್ಕೆ ಪಲ್ಪರ್ ಎನ್ನುತ್ತೇವೆ. ಅದರ ಉರುಳೆ ಒಂದು ಕಬ್ಬಿಣದ ಶಾಫ್ಟಿನ ಮೇಲೆ ತಿರುಗುತ್ತದೆ. ಶಾಫ್ಟು ಸವೆದು ಕೂದಲೆಳೆಯಷ್ಟು ಅಲುಗಾಡಿದರೂ ಸಾಕು, ಒಂದು ಪಕ್ಕದಲ್ಲಿ ಬೀಜ ಕಚ್ಚಿ ಗಾಯವಾಗುತ್ತದೆ, ಇನ್ನೊಂದು ಪಕ್ಕದಲ್ಲಿ ಹಣ್ಣು ಹಾಗೆಯೇ ನುಸುಳಿ ಬರುತ್ತದೆ. ಕೊಯ್ಲಿನ ಕಾಲದಲ್ಲಿ ಪಲ್ಪರ್ ನಿಂತರೆ ರಾಶಿ ಬಿದ್ದ ಹಣ್ಣು ಕಾಯುವುದಿಲ್ಲ; ಬಿಸಿಯೇರಿ, ಹುಳಿತು ನಾರುತ್ತದೆ. ಸವೆದ ಶಾಫ್ಟನ್ನು ಸಮ ಮಾಡಲು ಲೇತು ಬೇಕು. ಕಬ್ಬಿಣವನ್ನು ಗರಗರ ತಿರುಗಿಸಿ ಉಳಿಯಿಂದ ತೆಳ್ಳಗೆ ಹೆರೆಯುವ ಯಂತ್ರ ಅದು. ನಮ್ಮಲ್ಲಿ ಲೇತಿರಲಿಲ್ಲ. ಶಾಫ್ಟನ್ನು ಬಸ್ಸಿಗೆ ಹಾಕಿ ಘಟ್ಟದ ಕೆಳಗೆ ಕಳಿಸಿ ಅದು ವಾಪಸ್ಸು ಬರುವುದನ್ನು ಕಾಯುತ್ತ ಕೂರುತ್ತಿದ್ದೆವು. ಅಷ್ಟರಲ್ಲಿ ಸಣ್ಣ ಬೆಳೆಗಾರನೊಬ್ಬನ ವರ್ಷದ ಬೆಳೆ ಕಣ್ಣೆದುರೇ ಕೊಳೆತು ಹೋದದ್ದನ್ನು ನೋಡಿದ್ದೇನೆ. ಲೇತಿಲ್ಲದ ಅಂಗಡಿ ಅಂಗಡಿಯಲ್ಲ ಎಂದು ಆವತ್ತೇ ನನಗೆ ಖಾತ್ರಿಯಾಯಿತು.

ಎರಡನೇ ಮಹಾಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ಒಂದು ಬೆಳಿಗ್ಗೆ ನೀರುಕಲ್ಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಾಮರಾಯರು ಅಂಗಡಿಗೆ ಬಂದರು. ನೀರುಕಲ್ಲು ನಮ್ಮ ಅತಿ ದೊಡ್ಡ ಗಿರಾಕಿ; ವರ್ಷದ ಅರ್ಧ ಕೆಲಸ ಅಲ್ಲಿಂದಲೇ ಬರುತ್ತಿತ್ತು. ದೊರೆ ಇಂಗ್ಲಿಷರವರು. ಅವರ ಪಲ್ಪರ್ ಮನೆಯ ಪಕ್ಕ ಒಂದು ಸಣ್ಣ ವರ್ಕ್‌ಶಾಪು, ಅದರಲ್ಲೊಂದು ಲೇತು. ದೊರೆಗಳು ಆ ಲೇತನ್ನು ಮಾರಲು ಮನಸ್ಸು ಮಾಡಿದ್ದಾರೆ, ಬೇರೆಯವರು ಕೇಳಿದರೂ ನಮಗೇ ಕೊಡುವುದಾಗಿ ಹೇಳಿದ್ದಾರೆ, ಬಂದು ಎತ್ತಿಕೊಂಡು ಹೋಗಬೇಕಂತೆ ಎಂದು ರಾಯರು ಪ್ರಸಾದ ಕೊಟ್ಟಂತೆ ಹೇಳಿದರು. ಬಾವನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಆ ಕ್ಷಣವೇ ಅಂಗಡಿಯ ಮೂಲೆಯಲ್ಲಿದ್ದ ಸೌದೆ ಹೊರಗೆ ಹೋಯಿತು. ಲೇತು ಕೂರಿಸುವ ಜಾಗಕ್ಕೆ ನೀರು ಚಿಮುಕಿಸಿ ಗುಡಿಸಿಯೂ ಆಯಿತು.

ನಾನು ಕೇಳಿದ್ದು ಒಂದೇ ಮಾತು. ತರುವ ಮೊದಲು ಓಡಿಸಿ ನೋಡಬಹುದೋ ಎಂದೆ.

ಶಾಮರಾಯರು ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟರು. "ಯಾರ ಲೇತು ಅಂತ ಗೊತ್ತಾಯ್ತಲ್ಲ ಗೌಡ್ರೇ?" ಎಂದರು. ಗೊತ್ತಾಯಿತು, ಓಡಿಸಿ ನೋಡಿಯೇ ತರುತ್ತೇನೆ ಎಂದೆ. ಅವರು ಬಾವನ ಕಡೆ ತಿರುಗಿದರು. ಬಾವ ನನ್ನ ತೋಳು ಹಿಡಿದು ಹಿತ್ತಿಲಿಗೆ ಕರೆದೊಯ್ದು, ದೊರೆಯ ಮಾತನ್ನು ಸಂಶಯಪಡುವುದು ಸರಿಯಲ್ಲವೆಂದೂ, ಕೆಟ್ಟಿದ್ದರೆ ನಾವೇ ರಿಪೇರಿ ಮಾಡಿಕೊಳ್ಳೋಣವೆಂದೂ, ನಾವಿರುವುದೇ ರಿಪೇರಿಗಲ್ಲವೇ ಎಂದೂ ಹೇಳಿದರು. ಲೇತಿನಲ್ಲಿ ರಿಪೇರಿ ಆಗದ ಒಂದು ರೋಗವಿದೆ ಎಂದು ನಾನು ವಿವರಿಸಿದೆ. ಉಳಿಯನ್ನು ಹಿಡಿದು ಆಚೀಚೆ ಸರಿಯುವ ಭಾಗ ಒಂದು ಉದ್ದನೆಯ ಹಾಸಿನ ಮೇಲೆ ಜಾರುತ್ತದೆ. ಆ ಹಾಸು ಸವೆದರೆ ಅದನ್ನು ಮತ್ತೆ ಸಮ ಮಾಡುವ ಯಂತ್ರ ನಮ್ಮ ಜಿಲ್ಲೆಯಲ್ಲೇ ಇಲ್ಲ. ಲೇತಿನ ತಪ್ಪು ಲೇತಿನಲ್ಲೇ ನಿಲ್ಲುವುದಿಲ್ಲ, ನಾವು ಮಾಡಿಕೊಟ್ಟ ಪ್ರತಿ ಶಾಫ್ಟಿನ ಮೇಲೂ ಅಚ್ಚಾಗಿ ಊರೂರಿಗೆ ಹೋಗುತ್ತದೆ. ಬಾವ ಎಲ್ಲ ಕೇಳಿ, ಆದರೂ ದೊರೆ ಏನು ತಿಳಿದುಕೊಳ್ತಾರೋ ಎಂದರು. ನನಗೆ ಹಪ್ಪಳದ ಎಂಜಿನ್ನು ಕಣ್ಣ ಮುಂದೆ ಬಂತು.

ನಮ್ಮ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೇ ಪಲ್ಪರ್ ಶಾಫ್ಟನ್ನು ಹೆಗಲ ಮೇಲೆ ಹೊತ್ತುಕೊಂಡು ಮರುದಿನ ನೀರುಕಲ್ಲಿಗೆ ಹೋದೆ. ಬಾವ ಹಣ್ಣುಕಾಯಿ ಹಿಡಿದು ಹಿಂದೆ ಬಂದರು. ನೋಡಿದವರು ನಾವು ಯಾವುದೋ ಹರಕೆ ತೀರಿಸಲು ಹೊರಟಿದ್ದೇವೆ ಎಂದುಕೊಂಡಿರಬೇಕು.

ಲೇತು ನೋಡಲು ಬಲು ಚೆಂದ. ಹಿತ್ತಾಳೆಯ ಹಿಡಿಗಳು ಫಳಫಳ ಹೊಳೆಯುತ್ತಿದ್ದವು. ದೊರೆ ಪೈಪು ಕಚ್ಚಿಕೊಂಡು ಬಾಗಿಲಲ್ಲಿ ನಿಂತರು. ಅವರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಆಳುಗಳ ಮೇಲೆ ಕೂಗಾಡಿ ಕಲಿತದ್ದಾದ್ದರಿಂದ ಅದರಲ್ಲಿ ಬಹುವಚನ ಇರಲಿಲ್ಲ. ನಾನು ಶಾಫ್ಟು ತಂದದ್ದು ಏಕೆಂದು ಅವರಿಗೆ ಮೊದಲು ತಿಳಿಯಲೇ ಇಲ್ಲ. ಅದನ್ನು ಲೇತಿಗೆ ಏರಿಸಿ, ಬೆಲ್ಟು ಹಾಕಿ, ಉಳಿ ಹಚ್ಚಿದ ಮೇಲೆ ತಿಳಿಯಿತು. ಅವರ ಮುಖ ಕೆಂಪಾಯಿತು.

ಶಾಫ್ಟಿನ ಈ ತುದಿಯಿಂದ ಆ ತುದಿಯವರೆಗೆ ತೆಳುವಾಗಿ ಹೆರೆದು, ನನ್ನ ಕ್ಯಾಲಿಪರು ಹಚ್ಚಿ ನೋಡಿದೆ. ಆಗ ನನ್ನಲ್ಲಿದ್ದದ್ದು ಊರಿನ ಕುಲುಮೆಯಲ್ಲಿ ಬಡಿಸಿದ ಕ್ಯಾಲಿಪರು, ಈಗ ಸೊಂಟದಲ್ಲಿರುವುದಲ್ಲ. ಒಂದು ತುದಿ ದಪ್ಪ, ಒಂದು ತುದಿ ಸಣ್ಣ. ಅದು ದೊಡ್ಡ ದೋಷವಲ್ಲ, ಒಂದು ತಿರುಪು ತಿರುವಿದರೆ ಸರಿಹೋಗುತ್ತದೆ. ಸರಿ ಮಾಡಿ ಮತ್ತೆ ಹೆರೆದೆ. ಎರಡು ತುದಿಯೂ ಸಮನಾದವು. ಬಾವ ಉಸಿರು ಬಿಟ್ಟರು. ಆಮೇಲೆ ಅದೇ ಅಳತೆಯ ಕ್ಯಾಲಿಪರನ್ನು ಶಾಫ್ಟಿನ ನಡುವಿಗೆ ತಂದೆ. ಅದು ಇಳಿಯಲಿಲ್ಲ, ಕಚ್ಚಿಕೊಂಡಿತು. ಮತ್ತೊಮ್ಮೆ ಹೆರೆದೆ, ಮತ್ತೆ ಅದೇ. ಹಾಸು ನಡುವಿನಲ್ಲಿ ಸವೆದು ತಗ್ಗಾಗಿತ್ತು, ಅಲ್ಲಿ ಉಳಿ ಕುಸಿದು ಕಡಿಮೆ ಹೆರೆಯುತ್ತಿತ್ತು.

"ಏನು?" ಎಂದರು ದೊರೆ.

"ನಡು ದಪ್ಪ ಬರ್ತಿದೆ ದೊರೆ. ಹಾಸು ಸವೆದಿದೆ. ಇದು ನಮಗೆ ಬೇಡ."

ದೊರೆ ಪೈಪನ್ನು ಬಾಯಿಂದ ತೆಗೆದರು. ತಾವು ಈ ದೇಶಕ್ಕೆ ಬಂದ ಹೊಸದರಲ್ಲಿ ಕೆಲಸ ಕಲಿತದ್ದು ಇದೇ ಲೇತಿನ ಮೇಲೆ ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚು ಬೇರೇನೋ ಇತ್ತು. ಮೋಸ ಮಾಡುವ ಯೋಚನೆ ಅವರಿಗಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು; ಪ್ರೀತಿಯ ವಸ್ತುವನ್ನು ಪರಿಚಯದವರ ಕೈಗೆ ಕೊಡಬೇಕೆಂದು ಇದ್ದದ್ದು. ಬೇರೆ ಯಾರಾದರೂ ಅಷ್ಟಕ್ಕೆ ಕರಗುತ್ತಿದ್ದರು.

"ಹೌದು ದೊರೆ, ಅದಕ್ಕೇ ಸವೆದಿರೋದು" ಎಂದೆ.

ಶಾಮರಾಯರು ಗೋಡೆ ಹಿಡಿದುಕೊಂಡರು. ಬಾವ ಹಣ್ಣುಕಾಯಿಯ ತಟ್ಟೆಯನ್ನು ಯಾರ ಮುಂದೆ ಇಡಬೇಕೆಂದು ತಿಳಿಯದೆ ಲೇತಿನ ಮೇಲೆಯೇ ಇಟ್ಟುಬಿಟ್ಟರು. ಈ ಎಸ್ಟೇಟಿನ ಒಂದು ಮೊಳೆಯ ಕೆಲಸವೂ ಇನ್ನು ನಿನ್ನ ಅಂಗಡಿಗೆ ಬರುವುದಿಲ್ಲ ಎಂದು ಹೇಳಿ ದೊರೆ ಬಂಗಲೆಯ ಕಡೆ ಹೊರಟುಹೋದರು. ನಾನು ಶಾಫ್ಟನ್ನು ಬಿಚ್ಚಿ ಒರೆಸಿ ಹೆಗಲಿಗೇರಿಸಿದೆ. ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕೆಂದು ಆಗಲೂ ಅನಿಸಲಿಲ್ಲ, ಇವತ್ತಿಗೂ ಅನಿಸಿಲ್ಲ.

ಸುದ್ದಿ ನಮಗಿಂತ ಮೊದಲೇ ಮೂಡಿಗೆರೆ ತಲುಪಿತ್ತು. ಸೊಕ್ಕಿನ ಗೌಡ ಎಂಬ ಹೆಸರು ನನಗೆ ಬಂದದ್ದು ಆವಾಗಲೇ. ಹೋಟೆಲಿನಲ್ಲಿ, ಕ್ಷೌರದ ಕಟ್ಟೆಯಲ್ಲಿ, ಬಸ್ಸು ನಿಲ್ಲುವಲ್ಲಿ ನನಗೆ ಬುದ್ಧಿ ಹೇಳದವರೇ ಇರಲಿಲ್ಲ. ಅದರಲ್ಲಿ ಒಬ್ಬನಾದರೂ ಹಾಸು ಸವೆದಿತ್ತೋ ಇಲ್ಲವೋ ಎಂದು ಕೇಳಲಿಲ್ಲ. ಎಲ್ಲರದೂ ಒಂದೇ ರಾಗ: ದೊರೆಯ ಎದುರಿಗೆ ಅಳೆಯಬಾರದಿತ್ತು. ನೀರುಕಲ್ಲಿನ ಕೆಲಸ ನಿಂತಿತು. ಅದನ್ನು ನೋಡಿ ಅಕ್ಕಪಕ್ಕದ ಎರಡು ಎಸ್ಟೇಟಿನವರೂ ದೂರವಾದರು. ಅಂಗಡಿಯಲ್ಲಿ ಬಾಗಿಲು ತೆಗೆದು ಮಧ್ಯಾಹ್ನದವರೆಗೆ ಸುಮ್ಮನೆ ಕೂರುವ ದಿನಗಳು ಬಂದವು. ಬಾವ ನನ್ನ ಹತ್ತಿರ ಮಾತು ಬಿಟ್ಟರು. ಸುತ್ತಿಗೆ ಬೇಕಾದರೆ ಗೋಡೆಗೆ ಹೇಳುವರು, ನಾನು ಕೊಡುವೆ.

ಒಂದು ದಿನ ಬಾವ ಮನೆಗೆ ಬಂದು ಜಗಲಿಯಲ್ಲಿ ಕೂತರು. ತಾನು ಪಾಲು ಬಿಟ್ಟು ಊರಿಗೆ ಹೋಗಿ ಗದ್ದೆ ನೋಡಿಕೊಳ್ಳುವುದೇ ಸರಿ ಎಂದರು. "ಒಂದ್ ಮಾತು ಚೆನ್ನಾಗಿದೆ ಅಂದುಬಿಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು ಮಾರಾಯ?" ಎಂದು ಕೇಳಿದರು. ಬಾವ ಹೋದರೆ ಅಂಗಡಿ ಹೋದಂತೆಯೇ, ಅಕ್ಕನ ಮನೆಯ ಬಾಗಿಲೂ ಮುಚ್ಚಿದಂತೆ. ಆ ಕ್ಷಣದಲ್ಲಿ ನಾನು ಮೆತ್ತಗಾದದ್ದು ಹೌದು.

ಚೆನ್ನಮ್ಮ ಒಳಗಿನಿಂದ ಕಾಫಿ ತಂದವಳು ಅಲ್ಲೇ ನಿಂತಳು. ಅವಳು ಬಾವನ ಎದುರು ಬಾಯಿ ತೆಗೆಯುವವಳೇ ಅಲ್ಲ.

"ಸಂತೇಲಿ ಮಡಕೆ ತಗೊಳ್ಳೋವಾಗ ನಾನು ಬಡಿದು ನೋಡೇ ತಗೊಳ್ಳೋದು ಅಣ್ಣ. ಮಡಕೆ ಮಾರೋಳು ಒಂದಿನಾನೂ ಸಿಟ್ಟು ಮಾಡಿಲ್ಲ. ಬಡೀಲಿ ಅಂತ ಅವಳೇ ಕೈಗೆ ಕೊಡ್ತಾಳೆ. ಈ ದೊರೆಗೇನು ಧಾಡಿ?" ಎಂದಳು.

ಬಾವ ಕಾಫಿ ಕುಡಿದರು. ಪಾಲಿನ ಮಾತು ಮತ್ತೆ ಎತ್ತಲಿಲ್ಲ. ಲೋಟ ಕೆಳಗಿಡುತ್ತ, ಹಾಗಾದರೆ ಬೇರೆ ಲೇತು ಎಲ್ಲಿ ಸಿಗುತ್ತದೆ ವಿಚಾರಿಸು ಎಂದರು. ನನ್ನ ಹೆಂಡತಿಗೆ ನಾನು ಬಹಳ ವಿಷಯಗಳಲ್ಲಿ ಋಣಿ, ಆ ಮಡಕೆಯ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು.

ಮಂಗಳೂರಿನ ಬಂದರಿನ ಹತ್ತಿರ ಯಂತ್ರ ಮಾರುವ ಒಂದು ಅಂಗಡಿ ಇದೆಯೆಂದು ಗೊತ್ತಾಯಿತು. ಅದೇ ಶಾಫ್ಟನ್ನು ಹೊತ್ತು ಬಸ್ಸು ಹತ್ತಿದೆ. ಕಂಡಕ್ಟರು ಅದಕ್ಕೂ ಟಿಕೆಟ್ಟು ತೆಗೆಯಬೇಕೆಂದ. ಕೂರಲು ಜಾಗ ಕೊಟ್ಟರೆ ತೆಗೆಯುತ್ತೇನೆ ಎಂದೆ. ಚಾರ್ಮಾಡಿಯ ತಿರುವುಗಳಲ್ಲಿ ಅದು ಸೀಟಿನ ಅಡಿಯಿಂದ ಉರುಳಿ ಎಲ್ಲರ ಕಾಲನ್ನೂ ಒಂದೊಂದು ಸಲ ಮಾತಾಡಿಸಿತು. ವಾಂತಿ ಮಾಡಿಕೊಳ್ಳುತ್ತಿದ್ದವರು ಕೂಡ ನಡುವೆ ಬಿಡುವು ಮಾಡಿಕೊಂಡು ನನಗೆ ಬೈದರು.

ಬಂದರಿನ ಅಂಗಡಿಯಲ್ಲಿ ಎರಡು ಲೇತುಗಳಿದ್ದವು. ಒಂದು ಎತ್ತರದ್ದು, ಉದ್ದನೆಯದು, ಎಲೆಹಸಿರು ಬಣ್ಣ. ಅದನ್ನು ನೋಡಿದ ಕೂಡಲೇ ನನ್ನ ಮನಸ್ಸು ಜಾರಿತು. ಪಕ್ಕದಲ್ಲಿ ಇನ್ನೊಂದು, ಗಿಡ್ಡ, ಬೂದು ಬಣ್ಣ, ಗಟ್ಟಿ ಕಾಲಿನದು. ಅದರ ಕಡೆ ನಾನು ತಿರುಗಿಯೂ ನೋಡಲಿಲ್ಲ. ಅಂಗಡಿಯ ಏಜೆಂಟರು ಕರಿ ಕೋಟಿನವರು, ಮಾತು ಬಲ್ಲವರು. ಹಸಿರು ಲೇತಿಗೆ ಒಂದು ಹಿತ್ತಾಳೆ ಸಲಾಕೆ ಹಾಕಿ ಹೆರೆದು ತೋರಿಸಿದರು, ಕನ್ನಡಿಯ ಹಾಗೆ ಬಂತು. ಹಿತ್ತಾಳೆ ಮೆತ್ತಗಿನ ಲೋಹ, ಯಾವ ಲೇತಿನಲ್ಲಾದರೂ ಹಾಗೆಯೇ ಬರುತ್ತದೆ. ನಾನು ನನ್ನ ಶಾಫ್ಟನ್ನು ಮುಂದಿಟ್ಟೆ. ಅವರು ಅದರ ತುಕ್ಕನ್ನೂ ನನ್ನ ಅಂಗಿಯನ್ನೂ ನೋಡಿ, ಗಿರಾಕಿಗಳು ತಮ್ಮ ಕಬ್ಬಿಣ ತರುವ ಪದ್ಧತಿ ಇಲ್ಲಿಲ್ಲ, ಇದುವರೆಗೆ ಯಾರೂ ಹಾಗೆ ಕೇಳಿಲ್ಲ ಎಂದರು. ಹಾಗಾದರೆ ನಾನು ಕೇಳಿದ್ದೇನೆ ಎಂದು ಹೇಳಿ, ಶಾಫ್ಟನ್ನು ಬಾಗಿಲಿಗೆ ಅಡ್ಡ ಇಟ್ಟು ಅದರ ಮೇಲೆ ಕೂತೆ. ಒಳಗೆ ಬರುವ ಗಿರಾಕಿಗಳು ದಾಟಿಕೊಂಡು ಬರಬೇಕಾಯಿತು. ಊಟದ ಹೊತ್ತಿನವರೆಗೆ ಸಹಿಸಿದ ಏಜೆಂಟರು ಕೊನೆಗೆ ಶಾಫ್ಟು ತನ್ನಿ ಎಂದರು.

ಹಸಿರು ಲೇತು ನನ್ನ ಶಾಫ್ಟಿನ ಮೇಲೆ ನಡುಗಿತು. ಕಾಲುಗಳು ತೆಳು, ಗಟ್ಟಿ ಕಬ್ಬಿಣದ ಒತ್ತಡ ತಡೆಯಲಿಲ್ಲ. ಹೆರೆದ ಮೈಮೇಲೆ ಬೆರಳಿಗೆ ಸಿಗುವಂತೆ ಗೆರೆ ಗೆರೆ. ನನಗೆ ಅಳು ಬರುವಷ್ಟು ಬೇಜಾರಾಯಿತು. ದೊರೆಯ ಪ್ರೀತಿಗೆ ಮುಲಾಜು ನೋಡದವನು ನನ್ನ ಆಸೆಗೆ ಮುಲಾಜು ನೋಡಲಾದೀತೇ ಎಂದು ನನ್ನನ್ನೇ ಬೈದುಕೊಂಡು ಗಿಡ್ಡ ಲೇತಿಗೆ ಶಾಫ್ಟು ಹಾಕಿಸಿದೆ. ಈ ತುದಿ, ಆ ತುದಿ, ನಡು, ಎಲ್ಲಿ ಕ್ಯಾಲಿಪರು ಹಚ್ಚಿದರೂ ಒಂದೇ ಹಿಡಿತ. ಹಸಿರಿನ ಕಡೆ ಕೊನೆಯದಾಗಿ ಒಂದು ಸಲ ನೋಡಿ, ಬೂದು ಬಣ್ಣದ್ದನ್ನೇ ಕೊಂಡೆ. ಬಣ್ಣದ ಆಸೆ ಪೂರ್ತಿ ಹೋಗಿರಲಿಲ್ಲವಾದ್ದರಿಂದ ಊರಿಗೆ ಬಂದ ಮೇಲೆ ಅಂಗಡಿಯ ಬಾಗಿಲಿಗೆ ಹಸಿರು ಬಳಿಸಿದೆ.

ಲೇತು ಬಿಚ್ಚಿದ ತುಂಡುಗಳಾಗಿ ಲಾರಿಯಲ್ಲಿ ಘಟ್ಟ ಹತ್ತಿ ಬಂತು. ಕೂರಿಸಿದ ದಿನ ಇನ್ನೊಂದು ಜಗಳ. ಬಾವ ಅರಿಸಿನ ಕುಂಕುಮ ಕಲಸಿಕೊಂಡು ಹಾಸಿನ ಮೇಲೆ ಹಚ್ಚಲು ಬಂದರು. ಹಾಸಿನ ಮೇಲೆ ನೀರು ಬಿದ್ದರೆ ತುಕ್ಕು, ಪುಡಿ ಬಿದ್ದರೆ ಸವಕಲು ಎಂದು ನಾನು ಅಡ್ಡ ನಿಂತೆ. ದೇವರಿಗೂ ದಾಕ್ಷಿಣ್ಯವಿಲ್ಲವಲ್ಲ ನಿನ್ನದು ಎಂದರು. ಕೊನೆಗೆ ಚೆನ್ನಮ್ಮ ಬಟ್ಟಲು ಇಸಿದುಕೊಂಡು ಲೇತಿನ ನಾಲ್ಕು ಕಾಲಿಗೂ ಕುಂಕುಮ ಹಚ್ಚಿ, ದೊಡ್ಡವರಿಗೆ ಕಾಲಿಗೇ ನಮಸ್ಕಾರ ಮಾಡುವುದು ಎಂದಳು. ಆಯುಧಪೂಜೆಗೆ ಇವತ್ತಿಗೂ ನಮ್ಮಲ್ಲಿ ಅದೇ ಪದ್ಧತಿ.

ಲೇತು ಬಂದರೂ ನೀರುಕಲ್ಲಿನ ಕೆಲಸ ಬರಲಿಲ್ಲ. ಸಣ್ಣ ಬೆಳೆಗಾರರು ಬಂದರು, ಅವರಿಂದ ಅಂಗಡಿ ಉಸಿರಾಡಿತು. ಮುಂದಿನ ಕೊಯ್ಲು ಬಿರುಸಾಗಿ ನಡೆಯುತ್ತಿದ್ದ ಸಮಯದಲ್ಲಿ ಎಸ್ಟೇಟಿನ ಗಾಡಿಯಲ್ಲಿ ಶಾಮರಾಯರು ಬಂದಿಳಿದರು. ಗೋಣಿಯಲ್ಲಿ ಸುತ್ತಿದ ಒಂದು ಶಾಫ್ಟು. ಪಲ್ಪರ್ ನಿಂತಿದೆ, ಹಣ್ಣು ರಾಶಿ ಬಿದ್ದಿದೆ, ಘಟ್ಟದ ಕೆಳಗೆ ಕಳಿಸಿ ತರಿಸಲು ಹೊತ್ತಿಲ್ಲ, ಹೇಗಾದರೂ ಮಾಡಿಕೊಡಬೇಕು. ಆದರೆ ಇಲ್ಲಿ ಮಾಡಿಸಿದ್ದೆಂದು ದೊರೆಗಳಿಗೆ ತಿಳಿಯಬಾರದು ಎಂದರು. ಪಾಪ, ಅವರ ಪರಿಸ್ಥಿತಿಯೂ ಕಷ್ಟದ್ದೇ.

ಶಾಫ್ಟನ್ನು ಆ ಕ್ಷಣವೇ ಲೇತಿಗೇರಿಸಿದೆ. ಹಣ್ಣಿನ ಮೇಲೆ ನನಗೆ ಸಿಟ್ಟಿರಲಿಲ್ಲ. ಕೆಲಸ ಮುಗಿಸಿ, ಒರೆಸಿ, ಮೇಜಿನ ಮೇಲಿಟ್ಟು ಹೇಳಿದೆ: "ಆಯ್ತು ರಾಯರೇ. ಆದ್ರೆ ಕದ್ದು ಕೊಡೋ ಕೆಲ್ಸ ನನ್ನಲ್ಲಿಲ್ಲ. ದೊರೆಗಳೇ ಬಂದು ಅಳೆದು ನೋಡಿ ತಗೊಂಡು ಹೋಗ್ಲಿ."

ಬಾವ ತಲೆಯ ಮೇಲೆ ಕೈಯಿಟ್ಟುಕೊಂಡರು. ರಾಯರು ಬೇಡಿದರು, ಗದರಿದರು, ಮತ್ತೆ ಬೇಡಿದರು. ನೀವು ಇದನ್ನು ಹಟ ಎನ್ನಬಹುದು, ಕೊಳೆಯುವ ಹಣ್ಣನ್ನು ಅಡವಿಟ್ಟ ಕ್ರೌರ್ಯ ಎನ್ನಬಹುದು. ಅನ್ನಿ. ನಾನು ಜುಲ್ಮಾನೆ ಕೇಳಲಿಲ್ಲ, ಕ್ಷಮೆ ಕೇಳಿ ಎನ್ನಲಿಲ್ಲ, ನನ್ನ ಮಾಲನ್ನು ಅಳೆಯಿರಿ ಎಂದು ಕೇಳಿದೆ. ಗಾಡಿ ಖಾಲಿ ಹೋಯಿತು. ಅದು ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತು ನೋಡಿದೆ. ದೊರೆ ಬರದಿದ್ದರೆ ನಾನೇ ಹೊತ್ತುಕೊಂಡು ಹೋಗಿ ಕೊಡಬೇಕಾಗುತ್ತಿತ್ತು ಎಂಬುದು ನನ್ನೊಬ್ಬನಿಗೇ ಗೊತ್ತಿತ್ತು.

ಸಂಜೆಗೆ ಮುಂಚೆ ದೊರೆಯ ಮೋಟಾರು ಅಂಗಡಿಯ ಮುಂದೆ ನಿಂತಿತು. ಬೀದಿಯ ಜನ ಎದ್ದು ನಿಂತರು. ದೊರೆ ನನ್ನ ಮುಖ ನೋಡಲಿಲ್ಲ. ಕೋಟಿನ ಜೇಬಿನಿಂದ ತಮ್ಮದೇ ಒಂದು ಕ್ಯಾಲಿಪರು ತೆಗೆದರು, ಉಕ್ಕಿನದು, ನೀಲಿ ಹೊಳಪಿನದು. ಶಾಫ್ಟಿನ ಈ ತುದಿಗೆ ಹಚ್ಚಿದರು. ಆ ತುದಿಗೆ ಹಚ್ಚಿದರು. ಆಮೇಲೆ ನಿಧಾನವಾಗಿ ನಡುವಿಗೆ ತಂದರು. ಅಷ್ಟು ದೊಡ್ಡ ದೊರೆ ಬಗ್ಗಿ ನನ್ನ ಕೆಲಸವನ್ನು ಸಂಶಯಪಟ್ಟು ಅಳೆಯುತ್ತಿದ್ದರೆ ನನಗೆ ಒಂದಿಷ್ಟೂ ಅವಮಾನ ಅನಿಸಲಿಲ್ಲ. ನನ್ನ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆಯನ್ನು ಯಾರೂ ಮಾಡಿಲ್ಲ.

ಅಳೆದು ಮುಗಿಸಿ ಅವರು ಮೇಜಿನ ಮೇಲಿದ್ದ ನನ್ನ ಕುಲುಮೆಯ ಕ್ಯಾಲಿಪರನ್ನು ಎತ್ತಿ ನೋಡಿ ಕೆಳಗಿಟ್ಟರು. ತಮ್ಮದನ್ನು ಅದರ ಪಕ್ಕ ಇಟ್ಟು, "ಇದು ಇಟ್ಟುಕೋ" ಎಂದರು. ಬಹುವಚನ ಆಗಲೂ ಬರಲಿಲ್ಲ. ಅಷ್ಟನ್ನು ಒಂದು ಶಾಫ್ಟಿನಿಂದ ಬಯಸಬಾರದು.

ಬಾವ ಕೈಮುಗಿದು ನಿಂತಿದ್ದರು. ನಾನೂ ಕೈಮುಗಿದು ಅದನ್ನು ಕಣ್ಣಿಗೊತ್ತಿಕೊಳ್ಳುತ್ತೇನೆ ಎಂದು ಬೀದಿಯೆಲ್ಲ ಕಾಯುತ್ತಿತ್ತು. ನಾನು ಅದನ್ನು ಎತ್ತಿಕೊಂಡು ಶಾಫ್ಟಿನ ದಪ್ಪಕ್ಕೆ ಹೊಂದಿಸಿದೆ. ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿದೆ. ಕೀಲು ಸಡಿಲವಿದ್ದರೆ ಅಳತೆ ಜಾರುತ್ತದೆ, ಆಗ ಕ್ಯಾಲಿಪರು ಎಷ್ಟು ಹೊಳೆದರೂ ಸುಳ್ಳೇ ಹೇಳುವುದು. ಮತ್ತೆ ಶಾಫ್ಟಿಗೆ ಹಚ್ಚಿ ನೋಡಿದೆ. ತಿರುಗಿಸಿ ಇನ್ನೊಂದು ಪಕ್ಕದಿಂದ ಹಚ್ಚಿ ನೋಡಿದೆ. ಬಾವ ಕಣ್ಣು ಮುಚ್ಚಿಕೊಂಡಿದ್ದರು. ದೊರೆ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು, ನಾನು ನೋಡಿ ಮುಗಿಸುವವರೆಗೂ ಕಾದು ನಿಂತಿದ್ದರು.